ಗೋಣಿಕೊಪ್ಪದ ಬೋರ್ಡಿಲ್ಲದ ಜೀಪ್ ಸ್ಪೇರ್ಸ್ ಅಂಗಡೀಲಿ ನಮ್ಮ ಸ್ಪಿಟ್‌ಫೈರ್‌ಗೆ ಸಾಮಾನು ಹುಡುಕಿದ್ದು

ಮೊದ್ಲೇ ಹೇಳಿಬಿಡ್ತೀನಿ, ಈ ಅಂಗಡಿಗೆ ಬೋರ್ಡ್ ಇಲ್ಲ, ಮ್ಯಾಪಲ್ಲಿ ಹುಡುಕಿದ್ರೆ ಸಿಗಲ್ಲ, ಹತ್ತು ಸಲ ಫೋನ್ ಮಾಡಿದ್ರೆ ಒಂದ್ಸಲ ಎತ್ತುತ್ತಾರೆ, ಬಿಲ್ ಕೇಳಿದ್ರೆ ಹಳೇ ಕ್ಯಾಲೆಂಡರ್ ಹಾಳೆ ಹರಿದು ಹಿಂದ್ಗಡೆ ಬರ್ಕೊಡ್ತಾರೆ. ಆದ್ರೂ ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಿದೀನಿ, ಆ ಒಂದು ಯಾಕೆ ಕಟ್ ಆಯ್ತು ಅಂತ ಆಮೇಲೆ ಹೇಳ್ತೀನಿ. ಗೋಣಿಕೊಪ್ಪದಿಂದ ಪೊನ್ನಂಪೇಟೆ ಕಡೆ ಹೋಗೋವಾಗ ಒಂದ್ಕಡೆ ಜೀಪಿನ ಆಕ್ಸಲ್‌ಗಳನ್ನ ಸೌದೆ ಥರ ಒಟ್ಟಿರ್ತಾರಲ್ಲ, ಮೇಲೆ ನೀಲಿ ಟಾರ್ಪಾಲು, ಅದೇ. ಅಂಗಡಿಯವ್ರಿಗೆ ಎಪ್ಪತ್ತು ದಾಟಿದೆ, ಎಲ್ರೂ ಕಾಕ ಅಂತಾರೆ. ಹೆಸರು ಹಾಕ್ಬೇಡ ಮೋಳೆ (ಮಲಯಾಳದಲ್ಲಿ ಮಗಳೇ ಅಂತ), ಆಮೇಲೆ ಜನ ಬಂದು ತಲೆ ತಿಂತಾರೆ ಅಂದ್ರು, ಅದಕ್ಕೆ ಹಾಕ್ತಿಲ್ಲ.

ನಮ್ಮನೇಲಿರೋದು 1966ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 2, ಇಂಗ್ಲೆಂಡಿನ ಪುಟ್ಟ ಸ್ಪೋರ್ಟ್ಸ್ ಕಾರು. ಪೊಲ್ಲಿಬೆಟ್ಟ ಕಡೆ ಎಸ್ಟೇಟಲ್ಲಿದ್ದ ಒಬ್ಬ ಇಂಗ್ಲಿಷ್ ಮ್ಯಾನೇಜರ್ ಊರಿಗೆ ವಾಪಸ್ ಹೊರಟಾಗ ನಮ್ಮಜ್ಜ ಅದನ್ನ ತಗೊಂಡಿದ್ದು, ಯಾಕೆ ತಗೊಂಡ್ರು ಅಂತ ಅಜ್ಜಿಗೆ ಇವತ್ತಿಗೂ ಗೊತ್ತಿಲ್ಲ. ಎರಡೇ ಸೀಟು, ಮನೇಲಿ ಒಂಬತ್ತು ಜನ. ಅಜ್ಜ ಹೋದ ಮೇಲೆ ಅಪ್ಪ ಅದನ್ನ ಕಾಫಿ ಕಣದ ಪಕ್ಕದ ಶೆಡ್ಡಿಗೆ ತಳ್ಳಿ ಟಾರ್ಪಾಲು ಹೊದಿಸಿದ್ರು, ಆಮೇಲೆ ಅದರ ಮೇಲೆ ಗೋಣಿಚೀಲ, ಅದರ ಮೇಲೆ ಏಣಿ, ಅದರ ಮೇಲೆ ಕೋಳಿ. ಮೂವತ್ತು ಮಳೆಗಾಲ. ಕೊಡಗಿನ ಮಳೆ ಅಂದ್ರೆ ಗೊತ್ತಲ್ಲ, ಮಡಿಕೇರೀಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುತ್ತೆ, ಮನೆ ಒಳಗಿರೋ ಚಪ್ಪಲಿಗೇ ಬೂಷ್ಟು ಬರುತ್ತೆ, ಕಬ್ಬಿಣ ಪಾಪ ಏನು ಮಾಡುತ್ತೆ. ಲಾಕ್‌ಡೌನಲ್ಲಿ ಬೆಂಗಳೂರಿಂದ ಮನೆಗೆ ಬಂದವಳು ಇಲ್ಲಿಂದಲೇ ಕೆಲಸ ಮುಂದುವರಿಸಿದೆ, ಒಂದಿನ ಸುಮ್ನೆ ಟಾರ್ಪಾಲು ಎತ್ತಿ ನೋಡಿದೆ, ಅಷ್ಟೇ, ಅವತ್ತಿಂದ ನನ್ನ ಸಂಬಳ ಎಲ್ಲಿಗೆ ಹೋಗ್ತಿದೆ ಅಂತ ಕೇಳ್ಬೇಡಿ.

ಅಂದಹಾಗೆ ಈ ಕಾರು ಹುಟ್ಟಿದ್ದೂ ಹೊದಿಕೆ ಕೆಳಗೇ. ಇಟಲಿಯ ಮಿಕೆಲೋಟ್ಟಿ ಡಿಸೈನ್ ಮಾಡಿಕೊಟ್ಟಿದ್ದ ಸ್ಯಾಂಪಲ್ ಕಾರನ್ನ ದುಡ್ಡಿಲ್ಲ ಅಂತ ಕಂಪನಿಯವ್ರು ಫ್ಯಾಕ್ಟರಿ ಮೂಲೇಲಿ ಬಟ್ಟೆ ಮುಚ್ಚಿ ಬಿಟ್ಟಿದ್ರಂತೆ, 1961ರಲ್ಲಿ ಲೇಲ್ಯಾಂಡ್‌ನವ್ರು ಸ್ಟ್ಯಾಂಡರ್ಡ್ ಟ್ರಯಂಫ್ ಕಂಪನೀನ ಕೊಂಡ್ಕೊಂಡಾಗ ಬಟ್ಟೆ ತೆಗೆದು ನೋಡಿ ಇದೇನಿದು ಅಂತ ಕೇಳಿ ಮಾರನೇ ವರ್ಷವೇ ಮಾರ್ಕೆಟ್‌ಗೆ ಬಿಟ್ರು. ಅಪ್ಪನಿಗೆ ಈ ಕಥೆ ಹೇಳಿದ್ರೆ, ಅವ್ರ ಫ್ಯಾಕ್ಟರೀಲಿ ಕೋಳಿ ಇರ್ಲಿಲ್ಲ ಬಿಡು ಅಂದ್ರು.

ಸರಿ, ಸಾಮಾನಿನ ವಿಷಯಕ್ಕೆ ಬರ್ತೀನಿ. ಇಂಗ್ಲೆಂಡಲ್ಲಿ ಈ ಕಾರಿಗೆ ಸಿಗದೇ ಇರೋ ಪಾರ್ಟ್ ಕಡಿಮೆ, ಲಿಂಕನ್‌ನ ರಿಮ್ಮರ್ ಬ್ರದರ್ಸ್ ಥರದವ್ರು ಟ್ರಯಂಫ್ ಸಾಮಾನಿಗೇ ಅಂತ ಇದ್ದಾರೆ, ವೆಬ್‌ಸೈಟಲ್ಲಿ ಚಿತ್ರ ಸಮೇತ ನಂಬರ್ ಸಿಗುತ್ತೆ. ತೊಂದ್ರೆ ಎರಡು. ಒಂದು, ಕೊರಿಯರ್ರು ಕಸ್ಟಮ್ಸು ಎಲ್ಲಾ ಸೇರಿದ್ರೆ ಸಾಮಾನಿನ ರೇಟಷ್ಟೇ ಇನ್ನೊಂದ್ಸಲ ಕಟ್ಬೇಕು, ಸಣ್ಣ ರಬ್ಬರ್ ತುಂಡಿಗೂ ಅದೇ ಗತಿ. ಎರಡನೇದು, ಈಗ ಸಿಗೋದು ಬಹಳಷ್ಟು ಹೊಸದಾಗಿ ಮಾಡಿದ್ದು, ಒರಿಜಿನಲ್ ಅಲ್ಲ, ಕೆಲವು ಚೆನ್ನಾಗಿರುತ್ತೆ ಕೆಲವು ಮುಟ್ಟಿದ್ರೇ ಗೊತ್ತಾಗುತ್ತೆ. ಒರಿಜಿನಲ್ ಅಂದ್ರೆ ಆಗಿನ ಕಾಲದ ಸ್ಟ್ಯಾನ್‌ಪಾರ್ಟ್ ಮಾಲು, ಅದು ಸ್ಟ್ಯಾಂಡರ್ಡ್ ಟ್ರಯಂಫ್‌ನವ್ರ ಸ್ವಂತ ಸ್ಪೇರ್ ಬ್ರ್ಯಾಂಡು, ಎರಕ ಹೊಯ್ದಿರೋ ಪಾರ್ಟಾದ್ರೆ ಮೈ ಮೇಲೇ ಆ ಹೆಸರು ಎದ್ದಿರುತ್ತೆ. ಆನ್‌ಲೈನಲ್ಲಿ ಒಬ್ಬ ಮಾರಾಟಗಾರ ನನಗೆ ಒರಿಜಿನಲ್ ಅಂತ ಹೇಳಿ ಒಂದು ಜೊತೆ ಟ್ರನಿಯನ್ (ಮುಂದಿನ ಚಕ್ರದ ಹತ್ರ ಇರೋ ಪಾರ್ಟು, ವಿವರ ಆಮೇಲೆ) ಕಳಿಸಿದ, ಹೆಸರೂ ಇಲ್ಲ ನಂಬರೂ ಇಲ್ಲ, ಥ್ರೆಡ್ ಒಳಗೆ ಬೆರಳಿಟ್ರೆ ತುರಿಯೋಮಣೆ. ವಾಪಸ್ ಕಳಿಸೋ ಖರ್ಚಿಗಿಂತ ಸುಮ್ನಿರೋದು ವಾಸಿ ಅಂತ ಸುಮ್ನಾದೆ. ಬೆಂಗಳೂರಲ್ಲಿ ಒಂದೆರಡು ಅಂಗಡಿಗೂ ಅಲೆದೆ, ಅಲ್ಲಿ ಬೇರೆ ಕಥೆ, ನಾನು ಪಾರ್ಟ್ ಹೆಸರು ಹೇಳ್ತಿದ್ರೆ ಅವ್ರು ನನ್ನ ಹಿಂದೆ ಬಾಗಿಲ ಕಡೆ ನೋಡ್ತಾರೆ, ಸರ್ ಬಂದಿಲ್ವಾ ಮೇಡಂ ಅಂತ. ಯಾವ ಸರ್ ಅಂತ ಕೇಳಿ ಹೊರಗೆ ಬಂದೆ.

ಕಾಕನ ಅಂಗಡಿ ತೋರಿಸಿದ್ದು ನಮ್ಮ ಸಿದ್ದಾಪುರದ ಮೆಕ್ಯಾನಿಕ್ ಅಣ್ಣ. ಅಲ್ಲಿ ಜೀಪಿಂದು ಬಿಟ್ಟು ಏನೂ ಇಲ್ಲ ಕಣಣ್ಣ ಅಂದೆ, ಬನ್ನಿ ಅಕ್ಕ ಸುಮ್ನೆ ಅಂದ. ಜುಲೈ ತಿಂಗಳು, ಕರೆಂಟಿಲ್ಲ, ಜೋರು ಮಳೆ, ಕಾಕ ಟಾರ್ಚ್ ಬಾಯಲ್ಲಿ ಕಚ್ಕೊಂಡು ಯಾವುದೋ ಗೇರ್‌ಬಾಕ್ಸ್ ಒಳಗೆ ಕೈ ಹಾಕಿದ್ರು. ಫೋನಲ್ಲಿ ಫೋಟೋ ತೋರಿಸಿದೆ, ಮುಖ ತಿರುಗಿಸಿದ್ರು. ಸಾಮಾನು ತಂದಿದ್ಯಾ ಅಂದ್ರು. ಬ್ಯಾಗಿಂದ ಹಳೇ ಟ್ರನಿಯನ್ ತೆಗೆದು ಕೊಟ್ಟೆ, ಕೈಯಲ್ಲಿ ತೂಗಿ ನೋಡಿ ಒಂದೇ ಮಾತು, ಹೆರಾಲ್ಡ್.

ನಾನು ಅಲ್ಲ ಕಾಕ, ಇದು ಸ್ಪಿಟ್‌ಫೈರ್ ಅಂದೆ. ಅವ್ರು ನಕ್ಕು, ಅದರ ಚಾಸಿ ಬಗ್ಗಿ ನೋಡಿದ್ಯಾ ಮೋಳೆ ಅಂದ್ರು.

ಇದೇ ನೋಡಿ ನನಗೆ ತಲೇಗೆ ಹೊಳೀದೇ ಇದ್ದದ್ದು, ಎಷ್ಟು ಓದಿದ್ರೂ. ಸ್ಪಿಟ್‌ಫೈರ್ ಅನ್ನೋದು ಟ್ರಯಂಫ್‌ನವ್ರದ್ದೇ ಇನ್ನೊಂದು ಕಾರು ಹೆರಾಲ್ಡ್‌ನ ಚಾಸಿ, ಅಂದ್ರೆ ಕೆಳಗಿನ ಕಬ್ಬಿಣದ ಚೌಕಟ್ಟು, ಗಿಡ್ಡ ಮಾಡಿ ಮೇಲೆ ಚಂದದ ಬಾಡಿ ಕೂರಿಸಿದ್ದು, ಹೆರಾಲ್ಡ್ ವೀಲ್‌ಬೇಸ್ (ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರೋ ದೂರ) 91.5 ಇಂಚು ಇದ್ರೆ ಇದರದ್ದು 83. ಮುಂದಿನ ಸಸ್ಪೆನ್ಷನ್ನು, ಸ್ಟಿಯರಿಂಗ್ ರ‍್ಯಾಕು, ಹಿಂದ್ಗಡೆ ಅಡ್ಡಡ್ಡ ಮಲಗಿರೋ ಲೀಫ್ ಸ್ಪ್ರಿಂಗು, ಫಸ್ಟ್ ಗೇರಿಗೆ ಸಿಂಕ್ರೋಮೆಶ್ (ಗೇರ್ ಸಲೀಸಾಗಿ ಬೀಳಿಸೋ ಏರ್ಪಾಡು) ಇಲ್ಲದ ಗೇರ್‌ಬಾಕ್ಸು, ಎಲ್ಲಾ ಅದೇ ವಂಶ. ಬಾನೆಟ್ ಮಡ್‌ಗಾರ್ಡ್ ಸಮೇತ ಮೊಸಳೆ ಬಾಯಿ ಥರ ಮುಂದಕ್ಕೆ ತೆರ್ಕೊಳ್ಳೋದೂ ಹೆರಾಲ್ಡಿಂದ ಬಂದಿದ್ದೇ. ಆ ಹೆರಾಲ್ಡ್ ಮದ್ರಾಸಲ್ಲಿ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ ತಯಾರಾಗ್ತಿತ್ತು, ಆಮೇಲೆ 1972ರಲ್ಲಿ ಅದನ್ನೇ ಸ್ವಲ್ಪ ಬದಲಾಯಿಸಿ ಗೆಝೆಲ್ ಅಂತ ಬಿಟ್ರು. ನಮ್ಮ ಕಡೆ ಪ್ಲಾಂಟರ್‌ಗಳು ಡಾಕ್ಟರ್‌ಗಳು ಸುಮಾರು ಜನ ಇಟ್ಕೊಂಡಿದ್ರು, ಅಮ್ಮನ ಮದುವೆ ಫೋಟೋದಲ್ಲೂ ಹಿಂದೆ ಒಂದು ನಿಂತಿದೆ. ಅವೆಲ್ಲ ಎಲ್ಲಿಗೆ ಹೋದ್ವು? ಮಾರುತಿ ಬಂದ್ಮೇಲೆ ಒಂದೊಂದಾಗಿ ಗುಜರಿಗೆ. ಗುಜರಿಯಿಂದ ಬಿಚ್ಚಿ ತೆಗೆದಿದ್ದು ಕಾಕನ ಅಟ್ಟಕ್ಕೆ. ನಾನು ಲಿಂಕನ್‌ಗೆ ಇಮೇಲ್ ಹಾಕ್ತಾ ಕೂತಿದ್ದಾಗ ಮಾಲು ನಮ್ಮನೆಯಿಂದ ಒಂದು ಗಂಟೆ ದಾರೀಲಿ ಎಣ್ಣೆ ಕಾಗದದಲ್ಲಿ ಮಲಗಿತ್ತು.

ಟ್ರನಿಯನ್ ಬಗ್ಗೆ ಸ್ವಲ್ಪ ಹೇಳ್ಲೇಬೇಕು, ಗೊತ್ತಿಲ್ಲದವ್ರಿಗೆ ಇದೇನು ಇಷ್ಟು ಸಂಭ್ರಮ ಅನ್ಸುತ್ತೆ. ಮುಂದಿನ ಚಕ್ರ ಹಿಡ್ಕೊಂಡಿರೋ ಉಕ್ಕಿನ ಕಂಬ ಇದೆಯಲ್ಲ, ವರ್ಟಿಕಲ್ ಲಿಂಕ್ ಅಂತಾರೆ, ಅದರ ಕೆಳತುದೀಲಿ ಸ್ಕ್ರೂ ಥರ ಥ್ರೆಡ್ ಇರುತ್ತೆ, ಅದು ಹಿತ್ತಾಳೆಯಂಥ ಒಂದು ಗಟ್ಟಿ ಮುದ್ದೆ ಒಳಗೆ ಕೂತಿರುತ್ತೆ, ಆ ಮುದ್ದೆನೇ ಟ್ರನಿಯನ್. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಕಂಬ ಅದರೊಳಗೆ ಸ್ವಲ್ಪ ಬಿಚ್ಚುತ್ತೆ ಸ್ವಲ್ಪ ಬಿಗಿಯಾಗುತ್ತೆ. ಒಂದ್ಕಡೆ ಬಲ ಥ್ರೆಡ್ಡು, ಇನ್ನೊಂದ್ಕಡೆ ಎಡ ಥ್ರೆಡ್ಡು. ಇದಕ್ಕೆ ಹಾಕ್ಬೇಕಾದ್ದು ಇಪಿ 90 ಗೇರ್ ಆಯಿಲ್, ಗ್ರೀಸ್ ಅಲ್ಲ, ಆದ್ರೆ ಗ್ರೀಸ್ ನಿಪ್ಪಲ್ ಹಾಕೋ ಜಾಗ ಇದೆ ಅಂದ ಮೇಲೆ ನಮ್ಮ ಮೆಕ್ಯಾನಿಕ್‌ಗಳು ಬಿಡ್ತಾರಾ, ಗನ್ ಇಟ್ಟು ಗ್ರೀಸ್ ತುಂಬೋದೇ. ಗ್ರೀಸ್ ಥ್ರೆಡ್ ಒಳಗೆಲ್ಲ ಸರಿಯಾಗಿ ಇಳಿಯಲ್ಲ, ನೀರು ಸೇರ್ಕೊಳ್ಳುತ್ತೆ, ಕಂಬದ ಬುಡ ತುಕ್ಕು ಹಿಡಿಯುತ್ತೆ, ಒಂದಿನ ತಿರುವಲ್ಲಿ ಪಟ್ ಅಂತ ಮುರಿದು ಚಕ್ರ ಒಳಕ್ಕೆ ಮಡಚ್ಕೊಳ್ಳುತ್ತೆ. ಮಾಕುಟ್ಟ ಘಾಟಲ್ಲಿ ಹೀಗಾದ್ರೆ ಏನು ಗತಿ ಅಂತ ಯೋಚ್ನೆ ಮಾಡಿ. ನಮ್ಮ ಕಾರಲ್ಲಿ ಬಿಚ್ಚಿದಾಗ ಎಡಗಡೆ ಕಂಬದ ಬುಡ ಗೆದ್ದಲು ತಿಂದ ಮರದ ಹಾಗಿತ್ತು, ಅಜ್ಜ ಅದರಲ್ಲೇ ಅಜ್ಜೀನ ಕೂರಿಸ್ಕೊಂಡು ಭಾಗಮಂಡಲಕ್ಕೆ ಹೋಗ್ತಿದ್ರು.

ಕಾಕ ಅಟ್ಟದಿಂದ ಒಂದು ಬಿಸ್ಕತ್ ಡಬ್ಬ ಇಳಿಸಿದ್ರು. ಒಳಗೆ ಆರು ಟ್ರನಿಯನ್, ಮೂರಕ್ಕೆ ಕೆಂಪು ದಾರ ಮೂರಕ್ಕೆ ಬಿಳಿ ದಾರ ಕಟ್ಟಿತ್ತು, ಎಡ ಬಲ ಗೊತ್ತಾಗ್ಲಿ ಅಂತ. ನಾನು ಖುಷೀಲಿ ಎಲ್ಲಾ ಕೊಡಿ ಅಂದೆ. ಅವ್ರು ಕೊಡ್ಲಿಲ್ಲ. ಮನೆಗೆ ಹೋಗಿ ಕಂಬ ಬಿಚ್ಕೊಂಡು ಬಾ ಅಂದ್ರು. ಮಳೇಲಿ ಮತ್ತೆ ಸಿದ್ದಾಪುರಕ್ಕೆ ಹೋಗಿ ಮಾರನೇ ದಿನ ಎರಡೂ ಕಂಬ ತಗೊಂಡು ಬಂದೆ. ಒಂದೊಂದನ್ನೂ ಕೈಯಲ್ಲೇ ತಿರುಗಿಸಿ ಕೂರಿಸಿ ಅಲ್ಲಾಡಿಸಿ ನೋಡಿದ್ರು, ಲಟಲಟ ಅಂದಿದ್ದನ್ನ ಪಕ್ಕಕ್ಕಿಟ್ರು, ಆರರಲ್ಲಿ ಎರಡೇ ಪಾಸು. ನಮ್ಮ ಎಡಗಡೆ ಕಂಬವನ್ನ ನೋಡಿ ಇದನ್ನ ಮನೆ ಗೇಟಿಗೆ ಚಿಲಕ ಮಾಡ್ಕೋ ಅಂತ ಹೇಳಿ ಬೇರೆ ಕಂಬ ಹುಡುಕಿಕೊಟ್ರು, ಸ್ಟ್ಯಾನ್‌ಪಾರ್ಟ್ ಅಂತ ಅಚ್ಚು ಎದ್ದು ಕಾಣ್ತಿತ್ತು, ಸತ್ಯ ಹೇಳ್ತೀನಿ ಅದನ್ನ ನೋಡಿ ಕಣ್ಣಲ್ಲಿ ನೀರು ಬಂತು, ಮೆಕ್ಯಾನಿಕ್ ಅಣ್ಣ ಮಳೆ ನೋಡೋ ಥರ ಆ ಕಡೆ ತಿರುಗಿದ. ಎರಡು ಟ್ರನಿಯನ್ನು ಒಂದು ಕಂಬ ಸೇರಿ ಐದೂವರೆ ಸಾವಿರ. ದುಬಾರಿ ಅಂತೀರಾ? ಇಂಗ್ಲೆಂಡಿಂದ ಹೀಗೇ ತರಿಸಿದ್ರೆ ಎಷ್ಟಾಗ್ತಿತ್ತು ಅಂತ ಲೆಕ್ಕ ಹಾಕಿದೀನಿ, ದುಬಾರಿ ಅಲ್ಲ.

ಇನ್ನೊಂದು ಲಾಭ ನಾನು ಅಂದ್ಕೊಂಡೇ ಇರ್ಲಿಲ್ಲ. ನಟ್ಟು ಬೋಲ್ಟು. ಈ ಕಾರಿನ ಬೋಲ್ಟುಗಳು ಮೆಟ್ರಿಕ್ ಅಲ್ಲ, ಬಹುತೇಕ ಎಲ್ಲಾ ಯುಎನ್ಎಫ್ ಅನ್ನೋ ಇಂಚಿನ ಲೆಕ್ಕದ ಥ್ರೆಡ್ಡು, ಮಾಮೂಲಿ ಹಾರ್ಡ್‌ವೇರ್ ಅಂಗಡೀಲಿ ಕೇಳಿದ್ರೆ ಎಂಟು ಎಂಎಂ ಕೊಟ್ಟು ಹೊಡೆದು ಕೂರಿಸಿ ಅಂತಾರೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನಟ್ಟು ಬ್ರಿಟನ್ನಿನ ಬೋಲ್ಟಿಗೆ ಕೂರದೆ ಒದ್ದಾಡಿದ್ರಲ್ಲ, ಆಮೇಲೆ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮೂರೂ ಕೂತು ಒಂದೇ ಥ್ರೆಡ್ ಅಂತ ಒಪ್ಪಂದ ಮಾಡ್ಕೊಂಡ್ರು, ಅದೇ ಇದು. ಜೀಪು ಅಮೆರಿಕದ ಸಂತಾನ ಅಲ್ವಾ, ಹಳೇ ಮಹೀಂದ್ರಾ ಜೀಪಲ್ಲೂ ಇದೇ ಥ್ರೆಡ್ಡು. ಕೊಡಗಲ್ಲಿ ಜೀಪಿಗೆ ಬರವಾ? ಕಾಕನ ಅಂಗಡೀಲಿ ಸೈಜ್ ಪ್ರಕಾರ ಹಳೇ ಹಾರ್ಲಿಕ್ಸ್ ಬಾಟ್ಲಲ್ಲಿ ತುಂಬಿಟ್ಟಿದ್ದಾರೆ, ಕಿಲೋ ಲೆಕ್ಕ. ಸ್ಪೋರ್ಟ್ಸ್ ಕಾರಿನ ಅರ್ಧ ಬೋಲ್ಟು ಭತ್ತದ ಮೂಟೆ ಹೊತ್ತ ಜೀಪುಗಳಿಂದ ಬಂದಿದೆ, ಯಾರಿಗೂ ಗೊತ್ತಾಗಲ್ಲ. ತುಕ್ಕು ಹಿಡಿದ ಸಣ್ಣಪುಟ್ಟದ್ದನ್ನ ಮನೇಲಿ ಕಾಚಂಪುಳೀಲಿ (ನಮ್ಮ ಕೊಡಗಿನ ಕಪ್ಪು ಹುಳಿ) ನೆನೆಸಿ ನೋಡಿದೆ, ತುಕ್ಕೇನೋ ಬಿಡ್ತು, ಪಂದಿ ಕರಿಗೆ ಇಟ್ಟಿದ್ದ ಕಾಚಂಪುಳಿ ಖಾಲಿ ಮಾಡಿದೆ ಅಂತ ಅಜ್ಜಿ ಎರಡು ದಿನ ಮಾತಾಡ್ಲಿಲ್ಲ.

ನನಗೆ ಈ ಅಂಗಡಿ ಮೇಲೆ ನಂಬಿಕೆ ಬಂದಿದ್ದು ಕೊಟ್ಟಿದ್ದರಿಂದಲ್ಲ, ಕೊಡದೇ ಇದ್ದದ್ದರಿಂದ. ಒಂದಿನ ಅಟ್ಟದಲ್ಲಿ ಡಬ್ಬ ಸಮೇತ ಹೆರಾಲ್ಡ್ ಪಿಸ್ಟನ್ ಸೆಟ್ ಕಂಡೆ, ಒಂದ್ಸಲಾನೂ ಇಂಜಿನ್ ಕಾಣದ್ದು, ಅದನ್ನೂ ಕೊಡಿ ಕಾಕ ಅಂದೆ. ಬೇಡ ಅಂದ್ರು. ಇಂಜಿನ್ನೂ ಅದೇ ವಂಶ ಅಲ್ವಾ ಅಂತ ವಾದ ಮಾಡಿದೆ. ವಂಶ ಅದೇ, ಮೈ ಬೇರೆ. ಇಲ್ಲಿನ ಹೆರಾಲ್ಡ್ 948 ಸಿಸಿ, ಬೋರ್ (ಸಿಲಿಂಡರಿನ ಅಗಲ) 63 ಎಂಎಂ. ನಮ್ಮದು 1147 ಸಿಸಿ, ಬೋರ್ 69.3. ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡಾಡೋ ದೂರ) ಎರಡಕ್ಕೂ 76, ಅದಕ್ಕೇ ಹೊರಗಿಂದ ನೋಡಿದ್ರೆ ಅಣ್ಣ ತಮ್ಮ. ಆ ಪಿಸ್ಟನ್ ನಮ್ಮ ಇಂಜಿನ್ನಿಗೆ ಹಾಕಿದ್ರೆ ಒರಳಲ್ಲಿ ಬೆರಳಿಟ್ಟ ಹಾಗೆ. ಸುಮ್ನೆ ಮಾರಿದ್ರೆ ಅವ್ರಿಗೆ ಎಂಟು ಸಾವಿರ ಬರ್ತಿತ್ತು.

ಬ್ರೇಕಿನ ರಬ್ಬರ್ ಕಿಟ್ಟೂ ಹಾಗೇ. ಗರ್ಲಿಂಗ್ ಕಂಪನೀದು, ಸೀಲ್ ಒಡೆದಿಲ್ಲ, ಡಬ್ಬ ನೋಡಿದ್ರೆ ಮುತ್ತು ಕೊಡ್ಬೇಕು ಅನ್ಸುತ್ತೆ. ಡಬ್ಬ ತಗೋ, ಒಳಗಿರೋದನ್ನ ಹಾಕ್ಬೇಡ ಅಂದ್ರು. ಕಬ್ಬಿಣ ಐವತ್ತು ವರ್ಷ ಎಣ್ಣೇಲಿದ್ರೂ ಕಬ್ಬಿಣವೇ, ರಬ್ಬರ್ ಮಾತ್ರ ಡಬ್ಬದಲ್ಲಿದ್ರೂ ಮುದಿಯಾಗುತ್ತೆ, ಬ್ರೇಕಿಗೆ ಹೊಸದೇ ಹಾಕು ಅಂತ. ಒರಿಜಿನಲ್ ಒರಿಜಿನಲ್ ಅಂತ ಬಡ್ಕೊಳ್ಳೋ ನನ್ನಂಥವ್ರು ಇದನ್ನ ಗೋಡೆ ಮೇಲೆ ಬರೆದಿಟ್ಕೋಬೇಕು. ಖಾಲಿ ಡಬ್ಬ ಈಗ ನನ್ನ ಟೇಬಲ್ ಮೇಲಿದೆ, ಪೆನ್ನು ಇಡೋಕೆ.

ಈಗ ಕಟ್ ಮಾಡಿದ ಸ್ಟಾರು. ಕಾಕ ಇಲ್ಲದ ದಿನ ಅವ್ರ ಮಗ ಕೂತಿರ್ತಾರೆ. ಒಳ್ಳೆ ಹುಡುಗ, ಟೀ ತರಿಸ್ತಾನೆ, ಆದ್ರೆ ಏನು ಕೇಳಿದ್ರೂ ಆಗುತ್ತೆ ಅಕ್ಕ ಕೂರುತ್ತೆ ಅಕ್ಕ. ಅವನತ್ರ ಒಂದು ಸ್ಮಿತ್ಸ್ ಸ್ಪೀಡೋಮೀಟರ್ ತಗೊಂಡೆ ಮೂರು ಸಾವಿರಕ್ಕೆ, ಮೈಲಿಯಲ್ಲಿ ತೋರ್ಸೋದು, ಕ್ರೋಮ್ ರಿಂಗ್ ಕನ್ನಡಿ ಹಾಗಿತ್ತು. ಮನೆಗೆ ಬಂದು ಡಯಲ್ ಕೆಳಗಿರೋ ಪುಟಾಣಿ ನಂಬರ್ ಭೂತಗನ್ನಡೀಲಿ ನೋಡಿದ್ಮೇಲೆ ಗೊತ್ತಾಯ್ತು. ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ತಿರುಗುತ್ತೆ ಅಂತ ಆ ನಂಬರ್ ಹೇಳುತ್ತೆ. 948 ಹೆರಾಲ್ಡಿನ ಡಿಫರೆನ್ಷಿಯಲ್ (ಹಿಂದಿನ ಆಕ್ಸಲಿನ ಗೇರ್ ಅನುಪಾತ) 4.875, ನಮ್ಮದು 4.11, ಅಂದ್ರೆ ಅದನ್ನ ನಮ್ಮ ಕಾರಿಗೆ ಹಾಕಿದ್ರೆ ನಲವತ್ತೇಳರಲ್ಲಿ ಹೋಗ್ತಿದ್ರೂ ನಲವತ್ತು ಅಂತ ತೋರ್ಸುತ್ತೆ. ಪೊಲೀಸ್ನೋರಿಗೆ ಹೇಳೋಕೆ ಚೆನ್ನಾಗಿದೆ ಅಷ್ಟೇ. ವಾಪಸ್ ತಗೊಂಡು ಹೋದ್ರೆ, ತಗೊಂಡ ಮಾಲು ವಾಪಸ್ಸಿಲ್ಲ ಅಕ್ಕ ಅಂದ. ಕಾಕ ಪಕ್ಕದಲ್ಲೇ ಕೂತಿದ್ರು, ಮಗನ್ನೂ ಬೈಲಿಲ್ಲ ನನ್ನ ದುಡ್ಡೂ ಕೊಡ್ಲಿಲ್ಲ, ಹಳೇ ಪತ್ರಿಕೆ ಓದ್ತಾ ಇದ್ರು. ನೋಡಿ ತಗೋಬೇಕಿತ್ತು, ತಪ್ಪು ನಂದೂ ಇದೆ, ಆದ್ರೂ ಆ ಪತ್ರಿಕೆ ಓದಿದ್ದಕ್ಕೆ ಒಂದು ಸ್ಟಾರ್ ಹೋಯ್ತು.

ಇನ್ನೂ ಒಂದು, ರೇಟಿಗೆ ತಲೆ ಬುಡ ಇಲ್ಲ. ಬೆಂಗಳೂರು ನಂಬರಿನ ದೊಡ್ಡ ಗಾಡೀಲಿ ಇಳಿದು ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಹೋದ್ರೆ ಡಬಲ್. ಕೆಎ 12, ಅಂದ್ರೆ ಕೊಡಗಿನ ನಂಬರ್ ನೋಡಿದ್ರೆ ಸ್ವಲ್ಪ ಇಳಿಯುತ್ತೆ. ಗಮ್ ಬೂಟಲ್ಲಿ ಹೋದ್ರೆ ಇನ್ನೂ ಇಳಿಯುತ್ತೆ, ನಾನು ತೋಟದಿಂದ ನೇರ ಹೋಗೋದು ಅದಕ್ಕೇ. ವಿಂಡ್‌ಸ್ಕ್ರೀನ್ ಫ್ರೇಮ್ ಕೂಡ ಸಿಗುತ್ತೆ ಅಂತ ಎರಡು ಸಾವಿರ ಅಡ್ವಾನ್ಸ್ ತಗೊಂಡು ಮೂರು ತಿಂಗಳು ಓಡಾಡಿಸಿದ್ರು, ಕೊನೆಗೆ ಸಿಗಲ್ಲ ಅಂತ ದುಡ್ಡು ವಾಪಸ್ ಕೊಟ್ರು, ಪೂರ್ತಿ ಕೊಟ್ರು, ಆದ್ರೆ ನನ್ನ ಪೆಟ್ರೋಲು? ಬಾಡಿ ಸಾಮಾನು ಇಲ್ಲಿ ಕೇಳ್ಲೇಬೇಡಿ, ಹೆರಾಲ್ಡಿಗೂ ಸ್ಪಿಟ್‌ಫೈರ್‌ಗೂ ಮೇಲ್ಗಡೆ ಸಂಬಂಧವೇ ಇಲ್ಲ, ಗಾಜು ಬಾಗಿಲು ಎಲ್ಲಾ ಹೊರಗಿಂದಲೇ ತರಿಸ್ಬೇಕು. ಬಾಗಿಲ ಕೆಳಗಿನ ಸಿಲ್ ಪ್ಯಾನೆಲ್ ಕೂಡ, ಅದು ಈ ಕಾರಲ್ಲಿ ಬರೀ ಅಂದಕ್ಕಿರೋದಲ್ಲ, ಬಾಡಿಯ ಬಲವೇ ಅದರಲ್ಲಿದೆ, ಲೋಕಲ್ಲಲ್ಲಿ ತಗಡು ಬಡಿಸಿ ಹಾಕಿದ್ರೆ ಬಾಗಿಲು ಮುಚ್ಕೊಳ್ಳಲ್ಲ. ಅದನ್ನ ನಾನು ಇಂಗ್ಲೆಂಡಿಂದಲೇ ತರಿಸಿದೆ.

ಯಾಕಮ್ಮ ಇಷ್ಟು ಒರಿಜಿನಲ್ ಹುಚ್ಚು ಅಂತ ಅಪ್ಪ ಕೇಳ್ತಾನೇ ಇರ್ತಾರೆ, ಮಾರುತಿ ಇಂಜಿನ್ ಕೂರಿಸಿ ಓಡ್ಸು ಅಂತ. 2021ರಲ್ಲಿ ಕೇಂದ್ರದವ್ರು ವಿಂಟೇಜ್ ಗಾಡಿಗೆ ಬೇರೆ ರಿಜಿಸ್ಟ್ರೇಷನ್ ನಿಯಮ ತಂದಿದ್ದಾರಲ್ಲ, ಮೊದಲ ರಿಜಿಸ್ಟ್ರೇಷನ್ ಆಗಿ ಐವತ್ತು ವರ್ಷ ದಾಟಿರ್ಬೇಕು, ಚಾಸಿ ಬಾಡಿ ಇಂಜಿನ್ ಗಣನೀಯವಾಗಿ ಬದಲಾಯಿಸಿರ್ಬಾರ್ದು, ಇಪ್ಪತ್ತು ಸಾವಿರ ಫೀಸು, ವಿಎ ಅಂತ ಸೀರೀಸ್ ನಂಬರು, ಹತ್ತು ವರ್ಷಕ್ಕೆ. ದಿನಾ ಓಡಿಸೋ ಹಾಗಿಲ್ಲ, ರ‍್ಯಾಲಿ ಪ್ರದರ್ಶನ ಅಂತ ಮಾತ್ರ. ಮಾರುತಿ ಇಂಜಿನ್ ಕೂರಿಸಿದ್ರೆ ಆ ನಂಬರ್ ಎಲ್ಲಿಂದ ಬರುತ್ತೆ. ಇಷ್ಟೆಲ್ಲ ವಿವರಿಸಿದ್ಮೇಲೆ ಅಪ್ಪ, ಅಂದ್ರೆ ಇಷ್ಟು ಖರ್ಚು ಮಾಡಿ ಓಡಿಸೋಕೂ ಬಿಡಲ್ವಾ ಅಂದ್ರು. ಅದಕ್ಕೆ ನನ್ನತ್ರ ಉತ್ತರ ಇಲ್ಲ.

ಆದ್ರೆ ಕಳೆದ ತಿಂಗಳು ಕಣದಲ್ಲೇ ಒಂದು ಸುತ್ತು ಹಾಕಿದೆ. ಈ ಕಾರಿನ ಟರ್ನಿಂಗ್ ಸರ್ಕಲ್ 24 ಅಡಿ, ಅಂದ್ರೆ ನಮ್ಮ ಕಣದಲ್ಲಿ ಒಣಗೋಕೆ ಹರಡಿದ್ದ ಚೆರಿ ಕಾಫಿ ಮಧ್ಯ ಒಂದು ಬೀಜಾನೂ ಮೆಟ್ಟದೆ ತಿರುಗಿಸ್ಕೊಂಡು ಬಂದೆ, ಟ್ರನಿಯನ್ ಒಂದು ಸದ್ದು ಮಾಡ್ಲಿಲ್ಲ. ಅಜ್ಜಿ ಜಗಲೀಲಿ ನಿಂತು ನೋಡಿದ್ರು. ಹಾರ್ನ್ ಇಲ್ವಾ ಅಂದ್ರು, ಅಷ್ಟೇ.

ಹೋಗೋರಿಗೆ ಎರಡು ಮಾತು. ಶುಕ್ರವಾರ ಮಧ್ಯಾಹ್ನ ಹೋಗ್ಬೇಡಿ, ಮುಚ್ಚಿರುತ್ತೆ. ಹಳೇ ಪಾರ್ಟ್ ಕೈಯಲ್ಲಿ ಹಿಡ್ಕೊಂಡೇ ಹೋಗಿ, ಜೊತೆಗೆ ಅದು ಕೂರೋ ಪಾರ್ಟೂ ಇರ್ಲಿ. ಕಾಕ ಇದ್ದಾರಾ ಅಂತ ಮೊದ್ಲು ಕೇಳಿ, ಮಗ ಇದ್ರೆ ಟೀ ಕುಡಿದು ವಾಪಸ್ ಬನ್ನಿ. ಆಮೇಲೆ, ನಮ್ಮ ಬಾನೆಟ್ ಮೂತಿ ಮೇಲೆ ಟ್ರಯಂಫ್ ಅಂತ ಬಿಡಿಬಿಡಿ ಇಂಗ್ಲಿಷ್ ಅಕ್ಷರ ಇರುತ್ತೆ, ಅದರಲ್ಲಿ ಪಿ ಒಂದು ಎಲ್ಲೋ ಬಿದ್ದು ಹೋಗಿದೆ. ಕಾಕನತ್ರ ಯಾವ್ಯಾವ್ದೋ ಕಾರಿನ ಕ್ರೋಮ್ ಅಕ್ಷರ ತುಂಬಿದ ಒಂದು ಹಾಲಿನ ಪುಡಿ ಡಬ್ಬ ಇದೆ, ಒಂದ್ಸಲ ಪೂರ್ತಿ ಸುರಿದು ಹುಡುಕಿದೀನಿ, ಇನ್ನೊಂದು ಡಬ್ಬ ಮನೇಲಿದೆ ಅಂದಿದ್ದಾರೆ. ಅದರಲ್ಲಿ ಸರಿಯಾದ ಸೈಜಿನ ಪಿ ನಿಮಗೆ ಸಿಕ್ಕಿದ್ರೆ ಅದು ನಂದು, ಆಗ್ಲೇ ಐನೂರು ಕೊಟ್ಟಿಟ್ಟಿದ್ದೀನಿ.